ಕಡಲೆಕಾಯಿ ಸಿಪ್ಪೆಯಷ್ಟು ಜಾಗದಲ್ಲಿ ಕಾಕ್‌ಪಿಟ್: ಹಳೆಯ 1/72 ಸ್ಪಿಟ್‌ಫೈರ್ ಕಿಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲಿನಲ್ಲಿ ಕಟ್ಟಿ, ಮುರಿದು, ಎಸೆದ ಸ್ಪಿಟ್‌ಫೈರನ್ನು, ಅಂದರೆ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿಯನ್ನು, ನಲವತ್ತು ದಾಟಿದ ಮೇಲೆ ಮತ್ತೆ ಕಟ್ಟಲು ಕೂತವನು ನಾನು. ಮೇಜಿನ ಮೇಲಿರುವುದು ಏರ್‌ಫಿಕ್ಸ್ ಎಂಬ ಬ್ರಿಟಿಷ್ ಕಂಪನಿಯ 1960ರ ಅಚ್ಚಿನ ಕಿಟ್: ಸ್ಪಿಟ್‌ಫೈರ್‌ನ ಮಾರ್ಕ್ 9 ಎಂಬ ಆವೃತ್ತಿ, ಅಳತೆ 1/72, ಅಂದರೆ ನಿಜದ ಎಪ್ಪತ್ತೆರಡನೇ ಒಂದು ಭಾಗ. ಅದರ ಕಾಕ್‌ಪಿಟ್ (ಪೈಲಟ್ ಕೂರುವ ಗೂಡು) ಕೈಯಾರೆ ಕಟ್ಟುವ ಕೆಲಸದ ಫೋಟೊಗಳನ್ನು ಗೆಳೆಯರಿಗೆ ಕಳಿಸತೊಡಗಿದ ದಿನದಿಂದ ಅವೇ ಪ್ರಶ್ನೆಗಳು ತಿರುತಿರುಗಿ ಬರುತ್ತಿವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸುಸ್ತಾಗಿ ಎಲ್ಲವನ್ನೂ ಇಲ್ಲಿ ಒಟ್ಟುಹಾಕಿದ್ದೇನೆ.

ಕ್ಯಾನೊಪಿ (ಪೈಲಟ್‌ನ ತಲೆಯ ಮೇಲಿನ ಗಾಜಿನ ಮುಚ್ಚಳ) ಮುಚ್ಚಿದ ಮೇಲೆ ಒಳಗೆ ಏನೂ ಕಾಣುವುದಿಲ್ಲವಲ್ಲ, ಇಷ್ಟೆಲ್ಲ ಯಾಕೆ?

ನಮ್ಮ ಮನೆಯಲ್ಲೂ ಕೇಳುವ ಪ್ರಶ್ನೆ ಇದು. ಮುಚ್ಚಿದರೆ ನಿಜಕ್ಕೂ ಹೆಚ್ಚು ಕಾಣುವುದಿಲ್ಲ. ಆದರೆ ಸ್ಪಿಟ್‌ಫೈರ್‌ನ ಗಾಜಿನ ಹುಡ್ ಹಳಿಯ ಮೇಲೆ ಹಿಂದಕ್ಕೆ ಜಾರುತ್ತದೆ, ಎಡಗಡೆಯ ಪುಟ್ಟ ಬಾಗಿಲು ಹೊರಕ್ಕೆ ಕೆಳಮುಖವಾಗಿ ತೆರೆದುಕೊಳ್ಳುತ್ತದೆ. ನೆಲದ ಮೇಲೆ ನಿಂತ ವಿಮಾನವನ್ನು ಇವೆರಡೂ ತೆರೆದಂತೆ ಕಟ್ಟಿದರೆ ನೋಡುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಅಲ್ಲಿ ಒಂದು ಬೋಳು ತೂತು ಮಾತ್ರ ಕಂಡರೆ, ರೆಕ್ಕೆಗೆ ಎಷ್ಟು ಚೆನ್ನಾಗಿ ಬಣ್ಣ ಹಚ್ಚಿದ್ದರೂ ಅದು ಆಟಿಕೆಯೇ.

ಈ ಹಳೆಯ ಕಿಟ್‌ನಲ್ಲಿ ಕಾಕ್‌ಪಿಟ್ ಅಂತ ಏನು ಕೊಟ್ಟಿರುತ್ತಾರೆ?

ಒಬ್ಬ ಪೈಲಟ್ ಬೊಂಬೆ, ಅವನು ಕೂರಲು ಒಂದು ಆಸರೆ. ಅಷ್ಟೇ ಅಂದುಕೊಳ್ಳಿ. ಏರ್‌ಫಿಕ್ಸ್‌ನ ಮೊಟ್ಟಮೊದಲ ಸ್ಪಿಟ್‌ಫೈರ್ 1953ರದ್ದು. ಅದರ ಮೈಮೇಲೆ ಬಿಟಿ-ಕೆ ಅನ್ನುವ ಅಕ್ಷರಗಳಿದ್ದವು. 1960ರಲ್ಲಿ ಈ ಮಾರ್ಕ್ 9 ಬಂತು, ಜಾನಿ ಜಾನ್ಸನ್ ಎಂಬ ಪ್ರಸಿದ್ಧ ಬ್ರಿಟಿಷ್ ಪೈಲಟ್‌ನ ವಿಮಾನದ ಜೆಇ-ಜೆ ಅಕ್ಷರಗಳೊಂದಿಗೆ. ಪಾಕೆಟ್ ಮನಿಯಲ್ಲಿ ಕೊಂಡು ಒಂದು ಮಧ್ಯಾಹ್ನದಲ್ಲಿ ಅಂಟಿಸಿ ಮುಗಿಸಲೆಂದು ಮಾಡಿದ ಕಿಟ್ ಅದು. ಒಳಾಂಗಣ ಇಲ್ಲ ಅಂತ ಅದರ ಮೇಲೆ ಸಿಟ್ಟಾಗುವುದು ನ್ಯಾಯವಲ್ಲ.

ಹೊಸ ಕಿಟ್ ಕೊಂಡರೆ ಒಳಗಿನದೂ ಸಿಗುತ್ತದೆ. ಬಣ್ಣ ಹಚ್ಚಿದ ಲೋಹದ ಸೆಟ್‌ಗಳೂ ಬರುತ್ತವೆ. ಕೈಯಲ್ಲೇ ಯಾಕೆ?

ಸಿಗುತ್ತವೆ, ಚೆನ್ನಾಗಿಯೂ ಇರುತ್ತವೆ. ಎಡುವಾರ್ಡ್ ಎಂಬ ಚೆಕ್ ಕಂಪನಿಯ ತೆಳು ಲೋಹದ ಪ್ಯಾನೆಲ್‌ಗಳನ್ನು ನಾನೂ ಬಳಸಿದ್ದೇನೆ. ಹಳೆಯ ಅಚ್ಚಿಗೆ ಅವನ್ನು ಕೂರಿಸಲು ಹೋದರೆ ಮಾತ್ರ ಒಂದು ತೊಂದರೆ: ಸೆಟ್ ತಯಾರಾಗಿರುವುದು ಬೇರೆ ಕಿಟ್‌ಗೆ, ನಿಮ್ಮ ಕಿಟ್‌ನ ಗೋಡೆ ಎರಡರಷ್ಟು ದಪ್ಪ. ಕತ್ತರಿಸಿ, ಉಜ್ಜಿ, ಬಾಗಿಸಿ ಹೊಂದಿಸುವ ಹೊತ್ತಿಗೆ ಅರ್ಧ ಕಾಕ್‌ಪಿಟ್ ಕೈಯಲ್ಲೇ ಕಟ್ಟಿಬಿಡಬಹುದು. ನನ್ನ ಮಟ್ಟಿಗೆ ಇನ್ನೊಂದು ಕಾರಣವೂ ಇದೆ. ಯಾವ ಲಿವರ್ ಎಲ್ಲಿದೆ, ಯಾಕೆ ಅಲ್ಲಿದೆ ಅಂತ ತಿಳಿಯದೆ ಅದನ್ನು ಮಾಡಲಾಗುವುದಿಲ್ಲ. ಹೀಗೆ ಹುಡುಕುವ ಸುಖ ಪ್ಯಾಕೆಟ್ ಒಡೆದು ಅಂಟಿಸುವುದರಲ್ಲಿ ಇಲ್ಲ.

ಅಳತೆ ಲೆಕ್ಕ ಹೇಗೆ?

ನಿಜವಾದ ಅಳತೆಯನ್ನು 72ರಿಂದ ಭಾಗಿಸಿ. ಸ್ಪಿಟ್‌ಫೈರ್‌ನ ರೆಕ್ಕೆಯ ಉದ್ದ ತುದಿಯಿಂದ ತುದಿಗೆ 11.23 ಮೀಟರ್, ಮಾದರಿಯಲ್ಲಿ 156 ಮಿ.ಮೀ. ಡ್ರಾಯಿಂಗ್ ಪ್ರಿಂಟ್ ಹಾಕಿಸಿದಾಗ ಮೊದಲು ಸ್ಕೇಲ್ ಇಟ್ಟು ಇದನ್ನು ಅಳೆದು ನೋಡಿ. ಜೆರಾಕ್ಸ್ ಅಂಗಡಿಯವರು 'ಫಿಟ್ ಟು ಪೇಜ್' ಒತ್ತಿದ್ದರೆ ಇಲ್ಲಿಯೇ ಗೊತ್ತಾಗುತ್ತದೆ.

ಕಾಕ್‌ಪಿಟ್‌ಗೆ ಬಂದರೆ ಸಂಖ್ಯೆಗಳು ನಗು ತರಿಸುತ್ತವೆ. ಮುಖ್ಯ ಮೀಟರುಗಳ ವ್ಯಾಸ ಸುಮಾರು 8 ಸೆಂ.ಮೀ., ನಮಗೆ 1.1 ಮಿ.ಮೀ. ಎರಡು ಇಂಚಿನ ಬೆಲ್ಟು 0.7 ಮಿ.ಮೀ. ನಿಜವಾದ ವಿಮಾನದ 1 ಮಿ.ಮೀ. ತಗಡು 0.014 ಮಿ.ಮೀ.ಗೆ ಇಳಿಯುತ್ತದೆ. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಹೆಚ್ಚುಕಡಿಮೆ ಅಷ್ಟೇ ದಪ್ಪ. ಈ ಕೊನೆಯ ಲೆಕ್ಕವನ್ನು ಮರೆಯಬೇಡಿ. ಹೊಸಬರ ಕಾಕ್‌ಪಿಟ್ ಕೆಡುವುದು ಲಿವರ್ ಕಡಿಮೆಯಾಗಿ ಅಲ್ಲ, ಎಲ್ಲವೂ ದಪ್ಪವಾಗಿ. ಆರೇ ಆರು ಭಾಗಗಳಿದ್ದರೂ ಸರಿ, ಅಂಚು ತೆಳ್ಳಗಿದ್ದರೆ ಕಣ್ಣು ನಂಬುತ್ತದೆ. ಅರವತ್ತು ಭಾಗಗಳನ್ನು ಹಲಗೆ ದಪ್ಪದಲ್ಲಿ ತುಂಬಿಸಿದರೆ ಅದು ಗುಜರಿ ಅಂಗಡಿ.

ಫೋಟೊ ನೋಡಿ ಕಟ್ಟಿದರೆ ಸಾಕಲ್ಲವೇ?

ಯಾವ ಫೋಟೊ ಅನ್ನುವುದು ಮುಖ್ಯ. ಇಂಟರ್‌ನೆಟ್ಟಿನಲ್ಲಿ ಸಿಗುವ ಬಣ್ಣದ ಚಿತ್ರಗಳಲ್ಲಿ ಹೆಚ್ಚಿನವು ಈಗ ಹಾರಾಡುತ್ತಿರುವ, ದುರಸ್ತಿಯಾದ ವಿಮಾನಗಳವು. ಅವುಗಳಲ್ಲಿ ಇಂದಿನ ರೇಡಿಯೊ ಇರುತ್ತದೆ, ಹೊಸ ಕಾಲದ ಬೆಲ್ಟ್ ಇರುತ್ತದೆ, ಬಣ್ಣ ಮದುವೆಮನೆಯಷ್ಟು ಹೊಸದಾಗಿರುತ್ತದೆ. ಆಕಾರಕ್ಕೆ ಅವನ್ನು ನೋಡಿ; ಏನಿತ್ತು, ಎಲ್ಲಿತ್ತು ಅನ್ನುವುದಕ್ಕೆ ಯುದ್ಧಕಾಲದ ಕಪ್ಪುಬಿಳುಪು ಚಿತ್ರ ಮತ್ತು ಆಗಿನ ಪೈಲಟ್‌ಗಳ ಕೈಪಿಡಿಯ ರೇಖಾಚಿತ್ರಗಳನ್ನು ನಂಬಿ. ಆ ಕೈಪಿಡಿಯಲ್ಲಿ ಪ್ರತಿ ಲಿವರ್‌ಗೂ ಸಂಖ್ಯೆ ಹಾಕಿ ಹೆಸರು ಕೊಟ್ಟಿದ್ದಾರೆ. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅದೇ.

ಮಾರ್ಕ್ ಯಾವುದು ಅಂತಲೂ ನೋಡಿಕೊಳ್ಳಿ. ಮೊದಲ ಮಾರ್ಕ್‌ನ ವಿಮಾನಗಳಲ್ಲಿ ಚಕ್ರ ಎತ್ತಲು ಬಲಗಡೆ ಕೈಪಂಪ್ ಇತ್ತು. ಮೇಲೇರಿದ ಕೂಡಲೇ ಪೈಲಟ್ ಎಡಗೈಯನ್ನು ಸ್ಟಿಕ್‌ಗೆ (ವಿಮಾನ ನಡೆಸುವ ಹಿಡಿಕೋಲಿಗೆ) ಬದಲಾಯಿಸಿಕೊಂಡು ಬಲಗೈಯಲ್ಲಿ ಪಂಪ್ ಹೊಡೆಯಬೇಕು. ಬಲಗೈ ಆಡಿದಂತೆ ಎಡಗೈಯೂ ಅಲುಗಿ ವಿಮಾನ ಮೇಲೆ ಕೆಳಗೆ ತೂಗುತ್ತ ಹೋಗುತ್ತಿತ್ತಂತೆ. ಮಾರ್ಕ್ 9ರಲ್ಲಿ ಆ ಪಂಪ್ ಇಲ್ಲ, ಎಂಜಿನ್ನೇ ಆ ಕೆಲಸ ಮಾಡುತ್ತದೆ. ಮೊದಲ ಮಾರ್ಕ್‌ನ ಫೋಟೊ ನೋಡಿಕೊಂಡು ಎರಡು ಸಂಜೆ ಆ ಪಂಪ್ ಕಟ್ಟಿ, ಅಂಟಿಸಿ, ಆಮೇಲೆ ಕಿತ್ತವನು ನಾನೇ.

ಸಾಮಾನು ಎಲ್ಲಿ ಸಿಗುತ್ತದೆ?

ಮಾಡೆಲ್ ಅಂಗಡಿಯ ಎವರ್‌ಗ್ರೀನ್ ಪ್ಲಾಸ್ಟಿಕ್ ಶೀಟ್ ಒಳ್ಳೆಯದು. 0.25 ಮತ್ತು 0.5 ಮಿ.ಮೀ. ದಪ್ಪದ್ದು ಒಂದೊಂದು ಹಾಳೆ ಇದ್ದರೆ ಹತ್ತು ಕಾಕ್‌ಪಿಟ್ ಆಗುತ್ತದೆ. ಸಿಗದಿದ್ದರೆ ಐಸ್‌ಕ್ರೀಮ್, ಮೊಸರಿನ ಡಬ್ಬಿಗಳ ತಳ ತಿರುಗಿಸಿ ನೋಡಿ. ತ್ರಿಕೋನದೊಳಗೆ 6 ಅಂತಿದ್ದರೆ ಅದು ಪಾಲಿಸ್ಟೈರೀನ್, ಕಿಟ್‌ನದೇ ಜಾತಿ, ಕಿಟ್‌ನ ಅಂಟು ಹಿಡಿಯುತ್ತದೆ. 5 ಅಂತಿದ್ದರೆ ಪಾಲಿಪ್ರೊಪಿಲೀನ್, ಯಾವ ಅಂಟಿಗೂ ಜಗ್ಗುವುದಿಲ್ಲ, ಕಸಕ್ಕೆ ಹಾಕಿ.

ತಂತಿಗೆ ಹಳೆಯ ಮೊಬೈಲ್ ಚಾರ್ಜರ್ ಸುಲಿಯಿರಿ. ಒಳಗಿನ ತಾಮ್ರದ ಎಳೆಗಳು ಕೂದಲಿನಷ್ಟು ಸಣ್ಣ. ಅದಕ್ಕಿಂತ ದಪ್ಪ ಬೇಕಾದರೆ ಮನೆ ವೈರಿಂಗಿನ ಎಳೆ. ಬೆಂಗಳೂರಿನವರಾದರೆ ಎಸ್‌.ಪಿ. ರಸ್ತೆಯಲ್ಲಿ ಮೋಟಾರ್ ಸುತ್ತುವ ತಾಮ್ರದ ತಂತಿ ಬೇಕಾದ ದಪ್ಪದಲ್ಲಿ ಸಿಗುತ್ತದೆ. ಗ್ರಾಂ ಲೆಕ್ಕದಲ್ಲಿ ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ, ನೋಡಲಿ. ಮಾತ್ರೆ ಪಟ್ಟಿಯ ಹಿಂದಿನ ಫಾಯಿಲ್, ತಂಪುಪಾನೀಯದ ಕ್ಯಾನಿನ ತಗಡು, ಮಾಸ್ಕಿಂಗ್ ಟೇಪ್, ಹೊಲಿಗೆ ಸೂಜಿ, ಟೂತ್‌ಪಿಕ್ ಇವೆಲ್ಲ ಮನೆಯಲ್ಲೇ ಇರುತ್ತವೆ.

ಎಲ್ಲಕ್ಕಿಂತ ದೊಡ್ಡ ಗಣಿ ಕಿಟ್‌ನ ಸ್ಪ್ರೂ, ಅಂದರೆ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿ. ಒಂದು ಗೇಣು ತುಂಡನ್ನು ಮೇಣದ ಬತ್ತಿಯ ಉರಿಗೆ ತಾಗದಂತೆ ಎರಡು ಬೆರಳು ಮೇಲೆ ಹಿಡಿದು ತಿರುಗಿಸುತ್ತಿರಿ. ಮೊದಲು ಹೊಳಪು ಬರುತ್ತದೆ, ಆಮೇಲೆ ನಡುಭಾಗ ಜೋಲುತ್ತದೆ. ಆಗ ಉರಿಯಿಂದ ಹೊರಕ್ಕೆ ತೆಗೆದು, ಒಂದು ಉಸಿರು ತಡೆದು, ಎರಡೂ ಕಡೆ ಎಳೆಯಿರಿ. ನಿಧಾನಕ್ಕೆ ಎಳೆದರೆ ದಪ್ಪ ಎಳೆ, ಬೇಗ ಎಳೆದರೆ ಜೇಡರ ಬಲೆ. ಲಿವರ್, ಪೈಪು, ವೈರು ಎಲ್ಲ ಇದರಲ್ಲೇ ಆಗುತ್ತದೆ. ಉರಿ ಹತ್ತಿಕೊಂಡರೆ ಕಪ್ಪು ಮಸಿ ಹಾರಿ ಸೀಲಿಂಗಿಗೆ ಅಂಟುತ್ತದೆ. ಕಿಟಕಿ ತೆರೆದಿಡಿ.

ಯಾವ ಅಂಟು?

ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್: ನೀರಿನಂತಿರುವ, ಬ್ರಷ್‌ನಿಂದ ತಾಗಿಸುವ ತೆಳು ಸಿಮೆಂಟ್. ಲೋಹಕ್ಕೆ ಸೂಪರ್ ಗ್ಲೂ, ಅದೂ ಸೂಜಿಮೊನೆಯಷ್ಟು. ಗಾಜಿನ ಭಾಗಕ್ಕೆ ಫೆವಿಕಾಲ್. ಕ್ಯಾನೊಪಿಯ ಹತ್ತಿರ ಸೂಪರ್ ಗ್ಲೂ ಬೇಡವೇ ಬೇಡ. ಅದರ ಆವಿ ಗಾಜಿನ ಮೇಲೆ ಕೂತು ಬಿಳಿ ಮಂಜು ಹಿಡಿಸುತ್ತದೆ, ಉಜ್ಜಿದರೂ ಸುಲಭಕ್ಕೆ ಹೋಗುವುದಿಲ್ಲ. ಅಕ್ರಿಲಿಕ್ ಅಂಟಿಸಲು ಕೆಲವರು ಕ್ಲೋರೋಫಾರ್ಮ್ ಬಳಸುತ್ತಾರೆಂದು ಕೇಳಿ ಮನೆಗೆ ತಂದುಕೊಳ್ಳಬೇಡಿ. ಹವ್ಯಾಸಕ್ಕಾಗಿ ಲಿವರ್ ಕಳೆದುಕೊಳ್ಳುವುದು ಬೇಡ. ವಿಮಾನದ ಲಿವರ್ ಅಲ್ಲ, ಹೊಟ್ಟೆಯೊಳಗಿನದು.

ಮೊದಲ ಕೆಲಸ ಯಾವುದು?

ಗೋಡೆ ತೆಳ್ಳಗೆ ಮಾಡುವುದು. ಇದನ್ನು ಬಿಟ್ಟು ಉಳಿದದ್ದನ್ನು ಎಷ್ಟು ಚೆನ್ನಾಗಿ ಮಾಡಿದರೂ ವ್ಯರ್ಥ.

ವಿಮಾನದ ಒಡಲಿನ ಎರಡು ಅರ್ಧಗಳನ್ನು ಕೈಯಲ್ಲಿ ಹಿಡಿದು ಕಾಕ್‌ಪಿಟ್ ಅಂಚನ್ನು ಅಡ್ಡಡ್ಡ ನೋಡಿ. ನನ್ನ ಕಿಟ್‌ನಲ್ಲಿ ಒಂದೂವರೆ ಮಿ.ಮೀ. ಇತ್ತು. ನಿಜದ ಅಳತೆಗೆ ತಂದರೆ ಹತ್ತು ಸೆಂ.ಮೀ.ಗಿಂತ ದಪ್ಪ, ಅಂದರೆ ಮನೆಯೊಳಗಿನ ಅಡ್ಡಗೋಡೆಯಷ್ಟು. ಬಾಗಿದ ಬ್ಲೇಡಿನಿಂದ, ಮಾವಿನಕಾಯಿ ಸಿಪ್ಪೆ ಹೆರೆದಂತೆ, ಒಳಗಡೆಯಿಂದ ಹೆರೆಯುತ್ತ ಬನ್ನಿ. ಮೋಟಾರ್ ಡ್ರಿಲ್ ಹಾಕಿದರೆ ಬಿಸಿಗೆ ಪ್ಲಾಸ್ಟಿಕ್ ಕರಗಿ ಸುತ್ತಿಕೊಳ್ಳುತ್ತದೆ, ಒಂದು ಕ್ಷಣ ಮೈಮರೆತರೆ ಆಚೆ ಬದಿ ತೂತು. ಹೆರೆದ ಮೇಲೆ 400ರ ಎಮರಿ ಪೇಪರ್, ಆಮೇಲೆ 800. ಆಗಾಗ ಬಲ್ಬಿಗೆ ಹಿಡಿದು ನೋಡಿ. ಪ್ಲಾಸ್ಟಿಕ್‌ನೊಳಗಿಂದ ಬೆಳಕು ಕೆಂಪಗೆ ಹಾಯತೊಡಗಿದರೆ ಸಾಕು, ನಿಲ್ಲಿಸಿ. ಎಲ್ಲ ಕಡೆ ಬೇಕಿಲ್ಲ, ಅಂಚಿನಿಂದ ಐದಾರು ಮಿ.ಮೀ. ಕೆಳಗಿನವರೆಗೆ ಮಾಡಿದರಾಯಿತು.

ಬಾಗಿಲು ತೆರೆದಿಡುವುದಾದರೆ ಈಗಲೇ ಕತ್ತರಿಸಿ. ಸೂಜಿಮೊನೆಯಿಂದ ಅದೇ ಗೆರೆಯನ್ನು ಇಪ್ಪತ್ತು ಮೂವತ್ತು ಸಲ ಎಳೆದರೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಬಿಡಿಸಿದ ತುಂಡು ಎಸೆದು 0.25 ಹಾಳೆಯಲ್ಲಿ ಹೊಸ ಬಾಗಿಲು ಮಾಡಿ. ಅದರ ಒಳಮೈಯಲ್ಲಿ ಸಿಕ್ಕಿಸಿಟ್ಟ ಒಂದು ಸಣ್ಣ ಹಾರೆ ಇರುತ್ತದೆ. ಹುಡ್ ಸಿಕ್ಕಿಹಾಕಿಕೊಂಡರೆ ಒಡೆದು ಹೊರಬರಲು.

ಕಾಕ್‌ಪಿಟ್‌ನ ನೆಲಕ್ಕೆ ಏನು ಹಾಕಲಿ?

ಏನೂ ಹಾಕಬೇಡಿ, ಸ್ಪಿಟ್‌ಫೈರ್‌ಗೆ ನೆಲವೇ ಇಲ್ಲ. ಪೈಲಟ್‌ನ ಹಿಮ್ಮಡಿ ಜಾರಲು ರಡರ್ (ಬಾಲದ ಚುಕ್ಕಾಣಿ) ಪೆಡಲ್‌ಗಳ ಕಡೆಗೆ ಹೋಗುವ ಎರಡು ಕಿರುಹಲಗೆಗಳಿವೆ. ಅವುಗಳ ನಡುವೆ, ಸೀಟಿನ ಕೆಳಗೆ ನೋಡಿದರೆ ಒಡಲಿನ ತಳವೇ ಕಾಣುತ್ತದೆ. ಪೆನ್ಸಿಲ್ ಬಿದ್ದರೆ ಹಾರಾಟ ಮುಗಿಯುವವರೆಗೆ ಮರೆತುಬಿಡಬೇಕು. ಅನೇಕ ಹಳೆಯ ಕಿಟ್‌ಗಳು ಚಪ್ಪಟೆ ನೆಲ ಕೊಡುತ್ತವೆ, ನಮ್ಮವರು ಅದರ ಮೇಲೆ ಇನ್ನಷ್ಟು ಡೀಟೇಲ್ ಕೂರಿಸುತ್ತಾರೆ. ಅದನ್ನು ತೆಗೆದರೆ ಸಿಗುವ ಆಳದ ಕತ್ತಲೆಯೇ ಈ ಕಾಕ್‌ಪಿಟ್‌ನ ಅರ್ಧ ಸೊಬಗು. ಪೆಡಲ್‌ಗಳು ಎರಡು ಮೆಟ್ಟಿಲು: ಸಾಮಾನ್ಯ ಹಾರಾಟಕ್ಕೆ ಕೆಳಗಿನದು, ಬಿಗಿ ತಿರುವುಗಳಲ್ಲಿ ತಲೆಯ ರಕ್ತ ಕಾಲಿಗಿಳಿಯದಂತೆ ಕಾಲೆತ್ತಿ ಇಟ್ಟುಕೊಳ್ಳಲು ಮೇಲಿನದು.

ಗೋಡೆಯ ಪಕ್ಕೆಲುಬುಗಳು?

0.25 ಹಾಳೆಯಿಂದ ಅರ್ಧ ಮಿ.ಮೀ. ಅಗಲದ ಪಟ್ಟಿ ಸೀಳಿ ಲಂಬವಾಗಿ ಅಂಟಿಸಿ. ಅಡ್ಡಕ್ಕೆ ಸ್ಪ್ರೂ ಎಳೆ. ಎಲ್ಲಿ ಬರಬೇಕೆಂದು ಡ್ರಾಯಿಂಗಿನಿಂದ ಪೆನ್ಸಿಲ್ ಗುರುತು ಹಾಕಿಕೊಳ್ಳಿ, ಕಣ್ಣಂದಾಜು ಬೇಡ. ಅಂಟಿಸಿ ಅರ್ಧ ದಿನ ಬಿಟ್ಟು ಮೇಲೆ ಒಮ್ಮೆ ಎಮರಿ ಆಡಿಸಿ, ಎಲ್ಲ ಒಂದೇ ಎತ್ತರಕ್ಕೆ ಇಳಿಯುತ್ತವೆ.

ಸೀಟು ಹೇಗೆ ಮಾಡಿದಿರಿ?

ಮೂರು ಸಲ ಮಾಡಿದೆ. ಮೊದಲನೆಯದು ದಪ್ಪವಾಯಿತು. ಎರಡನೆಯದು ಚೆನ್ನಾಗಿತ್ತು, ಅದರ ಕಥೆ ಮುಂದೆ ಬರುತ್ತದೆ. ಮೂರನೆಯದು ಈಗ ವಿಮಾನದಲ್ಲಿದೆ.

ಇದು ಬಕೆಟ್ ಆಕಾರದ ಸೀಟು. ಪೈಲಟ್ ಪ್ಯಾರಾಶೂಟ್ ಮೇಲೆ ಕೂರುವುದರಿಂದ ಕೆಳಗೆ ಆಳ ಹೆಚ್ಚು. ಟೂತ್‌ಪಿಕ್‌ಗಿಂತ ದಪ್ಪದ ಕಡ್ಡಿಯೊಂದಕ್ಕೆ, ನಾನು ಬಳಸಿದ್ದು ಹಳೆಯ ಪೇಂಟ್ ಬ್ರಷ್‌ನ ಹಿಡಿ, 0.25 ಹಾಳೆಯ ಪಟ್ಟಿ ಸುತ್ತಿ ದಾರ ಕಟ್ಟಿ ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ತಕ್ಷಣ ತಣ್ಣೀರಿಗೆ ಹಾಕಿ. ದಾರ ಬಿಚ್ಚಿದರೆ ಬಾಗಿದ ಬೆನ್ನು ಸಿದ್ಧ. ಪಕ್ಕದ ರೆಕ್ಕೆಗಳನ್ನು ಕತ್ತರಿಸಿ, ತಳ ಅಂಟಿಸಿ, ಒಣಗಿದ ಮೇಲೆ ಅಂಚುಗಳನ್ನು ಮಾತ್ರ ಬ್ಲೇಡಿನಿಂದ ಇಳಿಜಾರಾಗಿ ಕೆರೆಯಿರಿ. ಇಡೀ ಸೀಟು ತೆಳ್ಳಗಿರಬೇಕಿಲ್ಲ, ಅಂಚು ತೆಳ್ಳಗಿದ್ದರೆ ಇಡೀ ಸೀಟು ತೆಳ್ಳಗಿದ್ದಂತೆ ಕಾಣುತ್ತದೆ.

ಬಣ್ಣದಲ್ಲಿ ಎಲ್ಲರೂ ಎಡವುತ್ತಾರೆ. ಲೋಹದ ಸೀಟಾದರೆ ಒಳಾಂಗಣದ ಹಸಿರು. ಆದರೆ ಯುದ್ಧಕಾಲದಲ್ಲಿ ಬಹಳಷ್ಟು ಸ್ಪಿಟ್‌ಫೈರ್‌ಗಳಿಗೆ ಹಾಕಿದ್ದು ರಾಳ ಕುಡಿಸಿದ ಕಾಗದವನ್ನು ಒತ್ತಿ ಮಾಡಿದ ಸೀಟು. ಅದರ ಬಣ್ಣ ಕೆಂಪು ಮಿಶ್ರಿತ ಕಂದು, ನಮ್ಮ ಕಾವಿ ನೆಲಕ್ಕೆ ಎಣ್ಣೆ ಹಚ್ಚಿದರೆ ಬರುವ ಬಣ್ಣ. ಹಸಿರು ಕಾಕ್‌ಪಿಟ್‌ನ ನಡುವೆ ಈ ಕಂದು ಸೀಟು ಒಂದೇ ಸಾಕು, ನೋಡಿದವರು ಬಗ್ಗುತ್ತಾರೆ.

ಬೆಲ್ಟುಗಳು?

ಸಟನ್ ಹಾರ್ನೆಸ್ ಅನ್ನುತ್ತಾರೆ, ನಾಲ್ಕು ಪಟ್ಟಿ: ಹೆಗಲ ಮೇಲಿಂದ ಎರಡು, ತೊಡೆಯ ಬದಿಯಿಂದ ಎರಡು. ಪಟ್ಟಿಗಳಲ್ಲಿ ಲೋಹದ ಅಂಚಿನ ತೂತುಗಳು, ನಾಲ್ಕನ್ನೂ ಸೇರಿಸಿ ಒಂದು ಪಿನ್ನು. ಮಾಸ್ಕಿಂಗ್ ಟೇಪಿಗೆ ಮೊದಲೇ ಮಾಸಲು ಗೋಧಿ ಬಣ್ಣ ಹಚ್ಚಿ, ಗಾಜಿನ ಮೇಲಿಟ್ಟು, ಹೊಸ ಬ್ಲೇಡಿನಿಂದ 0.7 ಮಿ.ಮೀ. ಪಟ್ಟಿ ಸೀಳಿ. ತೂತಿಗೆ ಸೂಜಿಮೊನೆಯಿಂದ ಕಂದು ಚುಕ್ಕಿ. ಪಟ್ಟಿಗಳನ್ನು ಇಸ್ತ್ರಿ ಹಾಕಿದಂತೆ ನೇರವಾಗಿ ಅಂಟಿಸಬೇಡಿ, ಒಂದು ಪಟ್ಟಿ ಸೀಟಿನ ಅಂಚಿನಿಂದ ಹೊರಗೆ ಜೋತಿರಲಿ. ಬಟ್ಟೆಗೆ ತೂಕವಿದೆ ಅನ್ನುವುದು ಕಾಣಬೇಕು.

ಕಂಟ್ರೋಲ್ ಸ್ಟಿಕ್‌ನ ತಲೆ ಉಂಗುರದ ಥರ ಇರುವುದು ಯಾಕೆ?

ಎರಡೂ ಕೈಯಲ್ಲಿ ಹಿಡಿದು ಎಳೆಯಬಹುದು ಅಂತ. ಇದರಲ್ಲಿ ಒಂದು ವಿಶೇಷ: ಹಿಂದೆ ಮುಂದೆ ಅಲ್ಲಾಡಿಸಿದರೆ ಇಡೀ ಕಂಬ ಆಡುತ್ತದೆ, ಎಡಕ್ಕೆ ಬಲಕ್ಕೆ ಮಾತ್ರ ಮೇಲಿನ ತುಂಡಷ್ಟೇ ಬಾಗುತ್ತದೆ. ಪೈಲಟ್‌ನ ತೊಡೆಗಳ ನಡುವೆ ಕಂಬ ಅಡ್ಡ ಆಡಲು ಜಾಗವಿಲ್ಲದಷ್ಟು ಇಕ್ಕಟ್ಟು ಆ ಕಾಕ್‌ಪಿಟ್. ಹಾಗಾಗಿ ಕಂಬದ ನಡುವೆ ಒಂದು ಕೀಲು ತೋರಿಸಿ. ಉಂಗುರಕ್ಕೆ ತಾಮ್ರದ ಎಳೆಯನ್ನು ಸೂಜಿಗೆ ಸುತ್ತಿ ಒಂದು ಸುತ್ತು ಕತ್ತರಿಸಿ, ಕಪ್ಪು ಬಣ್ಣ, ಗುಂಡು ಹಾರಿಸುವ ಗುಂಡಿಗೆ ಹಿತ್ತಾಳೆ ಬಣ್ಣದ ಒಂದು ಚುಕ್ಕಿ.

ಮೀಟರ್ ಪ್ಯಾನೆಲ್ ನನ್ನಿಂದ ಆಗುವುದಿಲ್ಲ ಅನಿಸುತ್ತದೆ. ಏನು ಮಾಡಲಿ?

ಆಗುತ್ತದೆ. ಯಾವುದನ್ನು ಬಿಡಬಹುದು ಅಂತ ಮೊದಲು ತಿಳಿದುಕೊಳ್ಳೋಣ. 600 ಡಿಪಿಐ (ಇಂಚಿಗೆ 600 ಚುಕ್ಕಿಯ) ಪ್ರಿಂಟರ್ 1.1 ಮಿ.ಮೀ. ಮೀಟರಿಗೆ ಅಡ್ಡಕ್ಕೆ ಇಡುವುದು 26 ಚುಕ್ಕಿ ಮಾತ್ರ. ಅಷ್ಟರಲ್ಲಿ ಅಂಕೆ ಮೂಡುವುದಿಲ್ಲ. ಮೂಡಿದರೂ ಓದುವ ಕಣ್ಣು ಯಾರಿಗಿದೆ? ಕಾಣುವುದು ಮೂರು: ಮೀಟರುಗಳ ಜೋಡಣೆ, ಗಾಜಿನ ಹೊಳಪು, ಒಂದೊಂದು ಬಿಳಿ ಮುಳ್ಳು.

ಜೋಡಣೆ ಹೀಗೆ. ನಡುವೆ ರಬ್ಬರ್ ಮೇಲೆ ಕೂರಿಸಿದ ಪ್ರತ್ಯೇಕ ಕಪ್ಪು ಹಲಗೆ, ಅದರಲ್ಲಿ ಆರು ಮೀಟರು. ಆ ಕಾಲದ ಬ್ರಿಟಿಷ್ ವಿಮಾನಗಳಲ್ಲೆಲ್ಲ ಇದೇ ಕ್ರಮ. ಮೇಲಿನ ಸಾಲಿನಲ್ಲಿ ವೇಗ, ಕೃತಕ ದಿಗಂತ, ಏರಿಳಿತದ ದರ; ಕೆಳಗೆ ಎತ್ತರ, ದಿಕ್ಕು, ತಿರುವು. ಮೋಡದೊಳಗೆ ಹೊರಗೇನೂ ಕಾಣದಿದ್ದಾಗ ಈ ಆರನ್ನೇ ನಂಬಿ ಹಾರಿಸಬೇಕು. ಇದರ ಬಲಕ್ಕೆ ಎಂಜಿನ್ನಿನ ವಿಚಾರ: ಸುತ್ತು, ಬೂಸ್ಟ್ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ), ಎಣ್ಣೆ, ಬಿಸಿ, ಪೆಟ್ರೋಲ್. ಎಡಕ್ಕೆ ಆಮ್ಲಜನಕ ಮತ್ತು ಚಕ್ರದ ಸೂಚಕ. ಮೇಲೆ ಎಡಮೂಲೆಯಲ್ಲಿ ಫ್ಲ್ಯಾಪ್ ಲಿವರ್ (ಫ್ಲ್ಯಾಪ್ ಅಂದರೆ ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸುವ ಹಲಗೆ). ಸ್ಪಿಟ್‌ಫೈರ್‌ನ ಫ್ಲ್ಯಾಪ್‌ಗೆ ಎರಡೇ ಸ್ಥಿತಿ, ಪೂರ್ತಿ ಮೇಲೆ ಇಲ್ಲ ಪೂರ್ತಿ ಕೆಳಗೆ. ಪ್ಯಾನೆಲ್‌ನ ಕೆಳಗೆ, ಮೊಣಕಾಲುಗಳ ನಡುವೆ, ಚಪಾತಿ ಡಬ್ಬಿಯ ಮುಚ್ಚಳದಂತೆ ಮಲಗಿದ ದಿಕ್ಸೂಚಿ. ಇದನ್ನು ಬಿಡಬೇಡಿ, ಮೇಲಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ.

ನಾನು ಮಾಡಿದ್ದು: 0.25ರ ಬಿಳಿ ಹಾಳೆಯಲ್ಲಿ ಪ್ಯಾನೆಲ್ ಆಕಾರ ಕತ್ತರಿಸಿ, 1.1 ಮಿ.ಮೀ. ಡ್ರಿಲ್ ಬಿಟ್ಟನ್ನು ಬೆರಳಲ್ಲೇ ತಿರುಗಿಸಿ ತೂತು ಹಾಕಿದೆ. ಮೊದಲು ಸೂಜಿಯಿಂದ ಗುರುತು ಚುಚ್ಚದಿದ್ದರೆ ಬಿಟ್ ಜಾರಿ ಸಾಲು ಸೊಟ್ಟಗಾಗುತ್ತದೆ, ಆರು ಮೀಟರಿನ ಸಾಲು ಕೂದಲೆಳೆ ಸೊಟ್ಟಗಾದರೂ ಎದ್ದು ಕಾಣುತ್ತದೆ. ಮುಂಭಾಗಕ್ಕೆ ಗಾಢ ಬೂದು. ಹಿಂದೆ ಅಂಟಿಸಲು ಇನ್ನೊಂದು ಬಿಳಿ ಹಾಳೆ, ಅದರ ಮೇಲೆ ಅಪ್ಪಟ ಕಪ್ಪು. ಒಣಗಿದ ಮೇಲೆ ಸೂಜಿಯಿಂದ ಕಪ್ಪನ್ನು ಗೀರಿದರೆ ಒಳಗಿನ ಬಿಳಿ ಗೆರೆಯಾಗಿ ಬರುತ್ತದೆ, ಅದೇ ಮುಳ್ಳು. ಬ್ರಷ್‌ನಿಂದ ಅಷ್ಟು ಸಣ್ಣ ಬಿಳಿ ಗೆರೆ ಎಳೆಯಲು ನನ್ನ ಕೈಯಲ್ಲಿ ಆಗದು, ಗೀರಲು ಯಾರಿಗಾದರೂ ಆಗುತ್ತದೆ. ಎರಡನ್ನೂ ಜೋಡಿಸಿ ಒಂದೊಂದು ತೂತಿಗೆ ಟೂತ್‌ಪಿಕ್ ತುದಿಯಿಂದ ಹೊಳಪಿನ ವಾರ್ನಿಷ್ ಒಂದು ಹನಿ. ಅದು ಒಣಗಿ ಒಳಕ್ಕೆ ಸ್ವಲ್ಪ ತಗ್ಗಿ ನಿಜವಾದ ಗಾಜಿನಂತೆ ಬೆಳಕು ಹಿಡಿಯುತ್ತದೆ. ನನ್ನದರಲ್ಲಿ ಒಂದು ಹನಿಯೊಳಗೆ ಗುಳ್ಳೆ ಉಳಿದಿದೆ. ಎತ್ತರದ ಮೀಟರು. ಬಿಟ್ಟಿದ್ದೇನೆ.

ಪ್ಯಾನೆಲ್ ಮೇಲೆ ಗುರಿ ಹಿಡಿಯುವ ಸೈಟು. ಮಾತ್ರೆ ಪಟ್ಟಿಯ ಪಾರದರ್ಶಕ ಭಾಗದಿಂದ ಒಂದು ಚೂರು ಓರೆಯಾಗಿ ನಿಲ್ಲಿಸಿದರೆ ಮುಗಿಯಿತು.

ಎಡಬಲದ ಗೋಡೆಗಳಿಗೆ ಏನೇನು?

ಎಡಕ್ಕೆ ಎಂಜಿನ್ನಿನ ಶಕ್ತಿ ಏರಿಸಿ ಇಳಿಸುವ ಥ್ರಾಟಲ್ ಪೆಟ್ಟಿಗೆ, ಅದರ ಕೆಳಗೆ ವಿಮಾನದ ಸಮತೋಲ ಹೊಂದಿಸುವ ಟ್ರಿಮ್ ಚಕ್ರ ದೊಡ್ಡದೊಂದು ಸಣ್ಣದೊಂದು. ಬಲಕ್ಕೆ ಚಕ್ರ ಎತ್ತುವ ಲಿವರ್ ಪೆಟ್ಟಿಗೆ. ಇವಿಷ್ಟು ಆಕಾರ ಸರಿ ಬಂದರೆ ಉಳಿದದ್ದು ಎರಡು ಮೂರು ವೈರು, ಸಾಕು.

ಬಣ್ಣ?

ಒಳಾಂಗಣಕ್ಕೆ ಬೂದು ಛಾಯೆಯ ಹಸಿರು. ಹಂಬ್ರೋಲ್ ಕಂಪನಿಯ 78ನೇ ನಂಬರಿನ ಬಣ್ಣ ಹತ್ತಿರ ಬರುತ್ತದೆ. ಇಷ್ಟು ಚಿಕ್ಕ ತೂತಿನೊಳಗೆ ಡಬ್ಬಿಯ ಬಣ್ಣ ಹಾಗೇ ಹಚ್ಚಿದರೆ ಕಪ್ಪಗೆ ಕಾಣುತ್ತದೆ, ಸ್ವಲ್ಪ ಬಿಳಿ ಸೇರಿಸಿ. ಆಮೇಲೆ ಗಾಢ ಕಂದು ಆಯಿಲ್ ಬಣ್ಣವನ್ನು ತಿಳಿ ಸಾರಿನಷ್ಟು ತೆಳುಮಾಡಿ ಪಕ್ಕೆಲುಬುಗಳ ಸಂದಿಗೆ ಹರಿಬಿಡಿ. ಒಣಗಿದ ಮೇಲೆ ತಿಳಿ ಹಸಿರನ್ನು ಬಹುತೇಕ ಒರೆಸಿಕೊಂಡ ಬ್ರಷ್‌ನಿಂದ ಉಬ್ಬುಗಳ ಮೇಲೆ ಸವರಿ. ಸವೆತ ತೋರಿಸಲು ಬೆಳ್ಳಿ ಬಣ್ಣವನ್ನು ಬಾಗಿಲಿನ ಅಂಚಿಗೆ, ಕಾಲಿಡುವ ಹಲಗೆಗಳಿಗೆ ಮಾತ್ರ ಇಡಿ. ಎಲ್ಲೆಡೆ ಬೆಳ್ಳಿ ಸಿಡಿಸಿದ ಕಾಕ್‌ಪಿಟ್ ನನಗೆ ಹಿಡಿಸುವುದಿಲ್ಲ. 1942ರ ಜುಲೈನಲ್ಲಿ ಬಳಕೆಗೆ ಬಂದ ಮಾರ್ಕ್ 9 ಮರುವರ್ಷಕ್ಕೇ ನಮ್ಮ ಸಿಟಿ ಬಸ್ಸಿನಷ್ಟು ಸವೆದಿರಲು ಸಾಧ್ಯವಿಲ್ಲ.

ಭಾಗ ಕಳೆದುಹೋದರೆ?

ಎರಡನೇ ಸೀಟಿನ ಕಥೆ ಇಲ್ಲಿ. ಚಿಮಟದ ತುದಿಯಲ್ಲಿ ಹಿಡಿದಿದ್ದೆ, ಸ್ವಲ್ಪ ಹೆಚ್ಚು ಒತ್ತಿದೆ, ಟಿಕ್ ಅಂತ ಶಬ್ದ. ನಮ್ಮದು ಹಳೆಯ ಮನೆ, ಮೊಸಾಯಿಕ್ ನೆಲ. ಕಪ್ಪು ಬಿಳಿ ಕಂದು ಚುಕ್ಕಿಗಳ ನಡುವೆ ಆರು ಮಿ.ಮೀ.ನ ಕಂದು ಸೀಟು ಹುಡುಕಿ ನೋಡಿ. ಮೊಬೈಲ್ ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡ ಬೆಳಕು ಬಿಟ್ಟು, ಉದ್ದ ನೆರಳಿಗಾಗಿ ಒಂದು ಗಂಟೆ ತೆವಳಿದೆ. ಹೀಗೆ ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಅವತ್ತು ಸಿಗಲಿಲ್ಲ. ಮರುದಿನ ಪೊರಕೆ ಬಂತು. ಈಗ ಹಳೆಯ ಪಂಚೆಯೊಂದನ್ನು ಮೇಜಿನ ಅಂಚಿಗೆ ಕ್ಲಿಪ್ ಹಾಕಿ ಇನ್ನೊಂದು ತುದಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೂರುತ್ತೇನೆ. ಅಕ್ಕಸಾಲಿಗರು ಚಿನ್ನದ ಪುಡಿಗೆ ಮಾಡಿಕೊಳ್ಳುವ ಏರ್ಪಾಡು ಇಂಥದ್ದೇ.

ಕ್ಯಾನೊಪಿ ದಪ್ಪಗಿದೆ, ತೆರೆದಂತೆ ಕೂರುವುದಿಲ್ಲ.

ಕೂರುವುದಿಲ್ಲ. ಕಿಟ್‌ನ ಗಾಜು ಒಂದೇ ತುಂಡು, ಜಾರಿಸಿದ ಹುಡ್ ಬೆನ್ನಿನ ಮೇಲೆ ಟೋಪಿಯಂತೆ ಎದ್ದು ನಿಲ್ಲುತ್ತದೆ. ಅದರ ಒಳಗೆ ಎಂ-ಸೀಲ್ ತುಂಬಿ ಗಟ್ಟಿಯಾದ ಮೇಲೆ ಬಿಡಿಸಿದರೆ ಒಳಮೈಯ ಅಚ್ಚು ಸಿಗುತ್ತದೆ (ತುಂಬುವ ಮುನ್ನ ಗಾಜಿನ ಒಳಗೆ ಕೊಬ್ಬರಿ ಎಣ್ಣೆ ಸವರಿ). ಅಚ್ಚನ್ನು ನುಣ್ಣಗೆ ಉಜ್ಜಿ ಕಡ್ಡಿಯ ತುದಿಗೆ ಕೂರಿಸಿ. ನೀರಿನ ಬಾಟಲಿಯ ನಯವಾದ ಭಾಗದೊಳಗೆ ಅಚ್ಚನ್ನು ಬಿಗಿಯಾಗಿ ಸೇರಿಸಿ ಹೀಟ್ ಗನ್‌ನಿಂದ ಬಿಸಿಗಾಳಿ ಕೊಟ್ಟರೆ ಪ್ಲಾಸ್ಟಿಕ್ ಕುಗ್ಗಿ ಅಚ್ಚಿಗೆ ಮೆತ್ತಿಕೊಳ್ಳುತ್ತದೆ. ಅಲ್ಲಿಂದ ಹುಡ್ ಕತ್ತರಿಸಿ. ಅಚ್ಚಿನ ಮೇಲಿನ ಪ್ರತಿ ಗೀರೂ ಗಾಜಿನಲ್ಲಿ ಕಾಣುತ್ತದೆ, ಆದ್ದರಿಂದ ಉಜ್ಜುವಾಗ ಸೋಮಾರಿತನ ಬೇಡ. ನನಗೆ ಐದನೆಯ ಬಾಟಲಿಗೆ ಸರಿ ಬಂತು. ಮುಂಭಾಗದ ಗಾಳಿಗಾಜಿಗೆ ಕಿಟ್‌ನದನ್ನೇ ಇಟ್ಟುಕೊಂಡೆ, ನಿಜವಾದದ್ದರಲ್ಲೂ ಅಲ್ಲಿ ಗುಂಡು ತಡೆಯುವ ದಪ್ಪ ಗಾಜಿತ್ತು.

ಕಾಕ್‌ಪಿಟ್ಟನ್ನು ಒಡಲು ಅಂಟಿಸುವ ಮೊದಲೇ ಕೂರಿಸಬೇಕೇ?

ಕೆಳರೆಕ್ಕೆ ಒಂದೇ ತುಂಡಾಗಿರುವ ಕಿಟ್‌ಗಳಲ್ಲಿ ಹೊಟ್ಟೆಯ ಕಡೆ ತೆರೆದೇ ಇರುತ್ತದೆ. ಒಡಲು ಅಂಟಿಸಿ, ಸಂದು ಉಜ್ಜಿ, ಧೂಳು ತೊಳೆದ ಮೇಲೆ ಕೆಳಗಿನಿಂದ ಸೀಟನ್ನೂ ಪ್ಯಾನೆಲ್ಲನ್ನೂ ತೂರಿಸಬಹುದು. ನನಗೆ ಇದೇ ಇಷ್ಟ. ಏನೇ ಮಾಡಿ, ಅಂಟಿಲ್ಲದೆ ಹತ್ತು ಸಲ ಕೂರಿಸಿ ನೋಡಿ.

ಭಾರತೀಯ ವಾಯುಪಡೆಯ ಸ್ಪಿಟ್‌ಫೈರ್ ಮಾಡಬಹುದೇ?

ಖಂಡಿತ, ನನ್ನ ಮುಂದಿನ ಕೆಲಸ ಅದೇ. ನಮ್ಮ ವಾಯುಪಡೆಯ 8ನೇ ಸ್ಕ್ವಾಡ್ರನ್ 1944ರಲ್ಲಿ ಮಾರ್ಕ್ 8 ಪಡೆದು ಬರ್ಮಾ ರಂಗಕ್ಕೆ ಹೋಯಿತು. ಕಾಕ್‌ಪಿಟ್ ಹೆಚ್ಚುಕಡಿಮೆ ಇದೇ. ಬದಲಾಗುವುದು ಹೊರಗೆ: ಮಾರ್ಕ್ 8ರ ಬಾಲದ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ, ರೆಕ್ಕೆಯ ತುದಿಯ ಆಲೆರಾನ್ (ವಿಮಾನವನ್ನು ಎಡಬಲಕ್ಕೆ ವಾಲಿಸುವ ಹಲಗೆ) ಗಿಡ್ಡ.

ಒಟ್ಟು ಎಷ್ಟು ದಿನ ಹಿಡಿಯಿತು?

ದಿನಕ್ಕೆ ಒಂದು ಗಂಟೆಯಂತೆ ಏಳು ವಾರ, ಸೀಟು ಹುಡುಕಿದ ಗಂಟೆಯೂ ಸೇರಿ. ವಿಮಾನದ ಉಳಿದ ಭಾಗಗಳು ಇನ್ನೂ ಸ್ಪ್ರೂ ಮೇಲೇ ಇವೆ.